ಕಂಡದ್ದು ಮತ್ತು ತರ್ಕಿಸಿದ್ದು: ಇಂಗ್ಲಿಷ್ ಬೋಧನೆಯಲ್ಲೊಂದು ವಿಚಾರ

ಕಳೆದುಹೋದ ಸಂಗತಿಯನ್ನು ನಾವು ಎರಡು ಬಗೆಯಾಗಿ ಹೇಳುವುದುಂಟು. ಬಲ್ಲದ್ದನ್ನು ನೇರವಾಗಿ ಹೇಳುತ್ತೇವೆ. ಕುರುಹುಗಳಿಂದ ತರ್ಕಿಸಿದ್ದನ್ನು ತರ್ಕವೆಂದೇ ತಿಳಿಯುವಂತೆ ಹೇಳುತ್ತೇವೆ. 'ಹೋದನು' ಎಂಬುದಕ್ಕೂ 'ಹೋಗಿರಬೇಕು' ಎಂಬುದಕ್ಕೂ ಇರುವ ಅಂತರವಿದೇ. ಕನ್ನಡದಲ್ಲಿ ಈ ಅಂತರವನ್ನು ಸಹಜವಾಗಿ ಪಾಲಿಸುವ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ತಡವರಿಸುತ್ತಾನೆ. ಆದುದರಿಂದ ಕನ್ನಡದ ತಿಳಿವನ್ನೇ ಆಧಾರವಾಗಿ ಹಿಡಿದು ಪಾಠವನ್ನಾರಂಭಿಸುವುದು ಲೇಸು.

ಮೊದಲು ರಚನೆ. 'ಹೋಗಿರಬೇಕು' ಎಂಬಲ್ಲಿ 'ಹೋಗಿ', 'ಇರು', 'ಬೇಕು' ಎಂಬ ಮೂರು ಅಂಗಗಳಿವೆ. 'ಮಸ್ಟ್ ಹ್ಯಾವ್ ಗಾನ್' ಎಂಬಲ್ಲಿಯೂ ಮೂರೇ. ನಮ್ಮ 'ಇರು' ಮಾಡುವ ಕೆಲಸವನ್ನು ಅಲ್ಲಿ 'ಹ್ಯಾವ್' ಮಾಡುತ್ತದೆ. ಕರ್ತೃಪದವು 'ಹೀ' ಆದರೂ ಅದು 'ಹ್ಯಾಸ್' ಆಗದು, 'ಹ್ಯಾಡ್' ಕೂಡ ಆಗದು. ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪವೇ ಬರಬೇಕು.

ಇನ್ನು ನಿಶ್ಚಯದ ತರತಮ. ಉದಾಹರಣೆಗಳಿಗೆ ನಮ್ಮ ಜಿಲ್ಲೆಯೇ ಸಾಕು. ಡಿ. ವಿ. ಗುಂಡಪ್ಪನವರು 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದರು. ಇದು ತಿಳಿದ ಸಂಗತಿ. ಇಲ್ಲಿ ಸಾಮಾನ್ಯ ಭೂತಕಾಲವೇ ಯುಕ್ತ. ಕೋಲಾರಮ್ಮನ ದೇವಾಲಯದಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಆದ್ದರಿಂದ 11ನೆಯ ಶತಮಾನದ ಕೋಲಾರದಲ್ಲಿ ತಮಿಳು ಬಲ್ಲವರು ಇದ್ದಿರಬೇಕು. ಇಲ್ಲಿ 'ಮಸ್ಟ್ ಹ್ಯಾವ್'. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಜನಿಸಿದ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯು 1956ರಲ್ಲಿ ಪ್ರಕಟವಾಯಿತು. ಬೇರೆ ಆಧಾರವು ಮುಂದಿಲ್ಲದಾಗ, ಗುಂಡಪ್ಪನವರು ಅದನ್ನು ಓದಿರಬಹುದು ಎನ್ನಬೇಕು. ಇಲ್ಲಿ 'ಮೇ ಹ್ಯಾವ್' ಅಥವಾ 'ಮೈಟ್ ಹ್ಯಾವ್'. ಆ ಕೃತಿಗೆ ಜ್ಞಾನಪೀಠ ಸಂದದ್ದು 1983ರ ಸಾಲಿನಲ್ಲಿ; ಗುಂಡಪ್ಪನವರು ನಿಧನರಾದುದು 1975ರಲ್ಲಿ. ಆ ವಾರ್ತೆಯನ್ನು ಅವರು ಕೇಳಿರಲಾರರು. ಇಲ್ಲಿ 'ಕಾಂಟ್ ಹ್ಯಾವ್'. 'ಮಸ್ಟ್'ಗೆ ಸುಮ್ಮನೆ 'ನಾಟ್' ಸೇರಿಸಿದರಾಯಿತೆಂದು ಮಕ್ಕಳು ಭಾವಿಸಬಾರದು. 'ಮಸ್ಟ್ ನಾಟ್ ಗೋ' ಎಂದರೆ ಹೋಗಕೂಡದೆಂಬ ನಿಷೇಧ.

ಹೆಚ್ಚಿನ ತೊಡಕಿರುವುದು ನಮ್ಮ 'ಬೇಕು' ಶಬ್ದದಲ್ಲಿ. 'ರೈತನು ಮಾವನ್ನು ಶ್ರೀನಿವಾಸಪುರದ ಮಂಡಿಗೆ ಒಯ್ಯಬೇಕಾಗಿತ್ತು' ಎಂಬ ವಾಕ್ಯಕ್ಕೆ ಎರಡರ್ಥ. ಅನಿವಾರ್ಯವಾಗಿ ಒಯ್ದನೆಂದಾದರೆ 'ಹ್ಯಾಡ್ ಟು ಟೇಕ್'. ಒಯ್ಯುವುದು ಉಚಿತವಾಗಿತ್ತು, ಒಯ್ಯಲಿಲ್ಲವೆಂದಾದರೆ 'ಶುಡ್ ಹ್ಯಾವ್ ಟೇಕನ್'. 'ಒಯ್ದಿರಬೇಕು' ಎಂಬುದೋ ಬರಿಯ ತರ್ಕ: 'ಮಸ್ಟ್ ಹ್ಯಾವ್ ಟೇಕನ್'. ಮೂರಕ್ಕೂ ಒಂದೇ 'ಮಸ್ಟ್' ಬಳಸಿದರೆ ಓದುವವನಿಗೆ ರೈತನು ಒಯ್ದನೋ ಇಲ್ಲವೋ ತಿಳಿಯದು.

ಆದ್ದರಿಂದ ಅಧ್ಯಾಪಕ ಮಿತ್ರರು ಪ್ರತಿಯೊಂದು ವಾಕ್ಯಕ್ಕೂ 'ಇದು ನಿನಗೆ ಹೇಗೆ ಗೊತ್ತು?' ಎಂಬ ಪ್ರಶ್ನೆಯನ್ನು ಕೇಳಿಸಿ, ಉತ್ತರಕ್ಕೆ ತಕ್ಕ ಕ್ರಿಯಾರೂಪವನ್ನು ವಿದ್ಯಾರ್ಥಿಯಿಂದಲೇ ಆರಿಸಬೇಕು. ನಾಳೆ ಆತನು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬಹುದು, ವರದಿ ಬರೆಯಬಹುದು, ಊರಿನ ಇತಿಹಾಸವನ್ನು ರಚಿಸಬಹುದು. ತಾನು ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸದೆ ಹೇಳಬಲ್ಲವನ ಮಾತನ್ನು ಅಲ್ಲೆಲ್ಲ ಜನರು ನಂಬುತ್ತಾರೆ.