ಸೋತವರು ಯಾಕೆ ಕುಣಿದರು?

ಪ್ರಶ್ನೆ: ಮೊಮ್ಮಗ ಪಿಯುಸಿ ಪರೀಕ್ಷಾ ಮುಗಿಸಿ ನಮ್ಮ ಮನಿಗೆ ಬಂದಿದ್ದ. 2025ರ ಏಪ್ರಿಲ್‌ದಾಗ ಒಂದಿನ ನಡುರಾತ್ರಿ ಟಿ.ವಿ. ಹಚ್ಚಿ ಫುಟ್‌ಬಾಲ್ ನೋಡಾಕತ್ತಿದ್ದ. ನಿದ್ದಿ ಬರಲಿಲ್ಲ ಅಂತ ನಾನೂ ಎದ್ದು ಕುಂತೆ. ಪ್ಯಾರಿಸ್‌ನಾವ್ರು 3–2ರಿಂದ ಸೋತ್ರು. ಆದ್ರ ಸೋತಾವ್ರೇ ಕುಣದಾಡಿದ್ರು, ಗೆದ್ದಾವ್ರು ನೆಲಕ್ಕ ಕುಂತುಬಿಟ್ರು! ಕೇಳಿದ್ರ, ‘ಅದು ಅಗ್ರಿಗೇಟ್, ನಿನಗ ತಿಳ್ಯಂಗಿಲ್ಲ ಬಿಡ ಅಜ್ಜಿ’ ಅಂದ. ಏನಿದು? ನಮ್ಮ ಕಡೆಯವ್ರು ಯಾರರ ಹಿಂಗ ಆಡ್ಯಾರೇನು? ಮತ್ತ ಇವು ನಡುರಾತ್ರ್ಯಾಗ ಯಾಕ ಇರ್ತಾವು?
ಓದುಗರೊಬ್ಬರು, ದೇಶಪಾಂಡೆ ನಗರ, ಹುಬ್ಬಳ್ಳಿ

ಉತ್ತರ: ಅಜ್ಜಿಗೆ ತಿಳಿಯದಂಥದ್ದು ಇದರಲ್ಲಿ ಏನೂ ಇಲ್ಲ ತಾಯಿ, ಇರುವುದು ಬರೇ ಕೂಡುವ ಲೆಕ್ಕ. ನೀವು ನೋಡಿದ್ದು ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್ಲಿನ ಎರಡನೇ ಭಾಗ. ಮೊದಲ ಭಾಗ ಆರು ದಿನ ಮೊದಲೇ ಪ್ಯಾರಿಸ್ಸಿನಲ್ಲಿ ಮುಗಿದಿತ್ತು. ಅಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ತಂಡವನ್ನು 3–1ರಿಂದ ಸೋಲಿಸಿತ್ತು. ಆಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಲ್ಲಾ 3–2ರಿಂದ ಗೆದ್ದಿತು. ಎರಡನ್ನೂ ಕೂಡಿಸಿ: ಪ್ಯಾರಿಸ್‌ಗೆ ಐದು, ವಿಲ್ಲಾಗೆ ನಾಲ್ಕು. ಮೊಮ್ಮಗ ಹೇಳಿದ ಅಗ್ರಿಗೇಟ್ ಇಷ್ಟೇ. ತೊಂಬತ್ತು ನಿಮಿಷದ ಎರಡು ಪಂದ್ಯ ಅನ್ನುವುದಕ್ಕಿಂತ ನೂರಾ ಎಂಬತ್ತು ನಿಮಿಷದ ಒಂದೇ ಪಂದ್ಯ, ಅರ್ಧ ನಿಮ್ಮ ಊರಲ್ಲಿ, ಅರ್ಧ ನಮ್ಮ ಊರಲ್ಲಿ ಅಂದುಕೊಂಡರೆ ಗೊಂದಲವಿಲ್ಲ. ಈ ಒಂದೊಂದು ಅರ್ಧವನ್ನು ‘ಲೆಗ್’ ಅನ್ನುತ್ತಾರೆ.

ಪ್ಯಾರಿಸ್ಸಿನವರು ಕುಣಿದದ್ದು ಗೆದ್ದ ಖುಷಿಗಿಂತ ಬದುಕಿದೆವಲ್ಲ ಎಂಬ ಸಮಾಧಾನಕ್ಕೆ. ಆ ರಾತ್ರಿ ಪ್ಯಾರಿಸ್ ಮೊದಲು ಎರಡು ಗೋಲು ಹೊಡೆದು ಒಟ್ಟು ಲೆಕ್ಕವನ್ನು 5–1ಕ್ಕೆ ಒಯ್ದಿತ್ತು. ಇನ್ನೇನು ಮುಗಿಯಿತು ಅನ್ನುವಾಗ ವಿಲ್ಲಾ ಒಂದರ ಹಿಂದೆ ಒಂದು ಮೂರು ಹೊಡೆಯಿತು. ಕೊನೆಯ ಅರ್ಧ ತಾಸು ಪ್ಯಾರಿಸ್ಸಿನವರು ಜೀವ ಕೈಯಲ್ಲಿ ಹಿಡಿದುಕೊಂಡೇ ಆಡಿದರು. ಇನ್ನೊಂದು ಬಿದ್ದಿದ್ದರೆ 5–5. ಅದೇ ರಾತ್ರಿ, ಅದೇ ಹೊತ್ತಿಗೆ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಬಾರ್ಸಿಲೋನಾ ಕೂಡ 3–1ರಿಂದ ಸೋತು ಕುಣಿಯಿತು. ಮೊದಲ ಲೆಗ್ಗಿನಲ್ಲಿ ಅದು 4–0ರಿಂದ ಗೆದ್ದಿತ್ತು. ಮೊಮ್ಮಗ ಚಾನೆಲ್ ಬದಲಿಸಿದ್ದರೂ ನೀವು ಇದೇ ಪ್ರಶ್ನೆ ಕೇಳುತ್ತಿದ್ದಿರಿ.

ಎರಡು ಊರಲ್ಲಿ ಯಾಕೆ ಆಡಬೇಕು? ತವರಿನ ಮೈದಾನದ ಬಲ ಒಬ್ಬರಿಗೇ ಸಿಗಬಾರದೆಂದು. ಟಿಕೆಟ್ಟಿನ ದುಡ್ಡು ಎರಡೂ ಊರಿಗೆ ಸೇರುತ್ತದೆ ಎಂಬುದೂ ಸಣ್ಣ ಕಾರಣವಲ್ಲ. 1955ರಲ್ಲಿ ಯುರೋಪಿಯನ್ ಕಪ್ ಎಂಬ ಹೆಸರಲ್ಲಿ ಈ ಟೂರ್ನಿ ಶುರುವಾದಾಗಿನಿಂದ ನಾಕೌಟ್ ಸುತ್ತುಗಳ ಪದ್ಧತಿ ಸಾಮಾನ್ಯವಾಗಿ ಹೀಗೇ ಇದೆ. ಫೈನಲ್ ಒಂದು ಮಾತ್ರ ಮೊದಲೇ ಗೊತ್ತು ಮಾಡಿದ ಮೈದಾನದಲ್ಲಿ ಒಂದೇ ಪಂದ್ಯ. ಚಾಂಪಿಯನ್ಸ್ ಲೀಗ್ ಎಂಬ ಹೆಸರು ಬಂದದ್ದು 1992ರಲ್ಲಿ.

ನೀವು ನೋಡಿದ ಪ್ಯಾರಿಸ್ ತಂಡದ ಆ ವರ್ಷದ ಕತೆಯೇ ಈ ಪದ್ಧತಿಗೆ ಹೇಳಿ ಮಾಡಿಸಿದ ಹಾಗಿದೆ. ಮೂವತ್ತಾರು ತಂಡಗಳ ಲೀಗ್ ಹಂತದಲ್ಲಿ ಅದು ಹದಿನೈದನೆಯದು. ಮೊದಲ ಎಂಟರೊಳಗೆ ಬರದ ತಪ್ಪಿಗೆ ಒಂದು ಸುತ್ತು ಹೆಚ್ಚಿಗೆ ಆಡಬೇಕಾಯಿತು. ಅದನ್ನು ದಾಟಿದರೆ ಎದುರು ನಿಂತದ್ದು ಲೀಗ್ ಹಂತದಲ್ಲಿ ಮೊದಲ ಸ್ಥಾನ ಹಿಡಿದಿದ್ದ ಲಿವರ್‌ಪೂಲ್. ತನ್ನ ಮೈದಾನದಲ್ಲಿ ಪ್ಯಾರಿಸ್ 0–1ರಿಂದ ಸೋತಿತು, ಲಿವರ್‌ಪೂಲ್‌ಗೆ ಹೋಗಿ 1–0ರಿಂದ ಗೆದ್ದಿತು, ಪೆನಾಲ್ಟಿಯಲ್ಲಿ ದಾಟಿತು. ಆಮೇಲೆ ನಿಮ್ಮ ವಿಲ್ಲಾ, ಆಮೇಲೆ ಆರ್ಸೆನಲ್. ಮೇ 31ರಂದು ಮ್ಯೂನಿಕ್‌ನ ಫೈನಲ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 5–0ರಿಂದ ಸೋಲಿಸಿ ಕಪ್ ಎತ್ತಿತು. ಒಂದೇ ಪಂದ್ಯದ ನಾಕೌಟ್ ಆಗಿದ್ದರೆ ಲಿವರ್‌ಪೂಲ್ ಎದುರಿನ ಮೊದಲ ರಾತ್ರಿಗೇ ಮನೆ ಸೇರುತ್ತಿತ್ತು.

ಕೂಡಿಸಿದಾಗ ಸಮ ಬಂದರೆ? ಈಗ ಅರ್ಧ ತಾಸು ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿ. ಮೊದಲು ಹೀಗಿರಲಿಲ್ಲ. 1965ರಲ್ಲಿ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ಎರಡೂ ಲೆಗ್ಗಿನಲ್ಲಿ 0–0 ಆಡಿದವು. ಮೂರನೇ ಪಂದ್ಯವನ್ನು ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಇಟ್ಟರೆ ಅದೂ 2–2. ಕಡೆಗೆ ನಾಣ್ಯ ಚಿಮ್ಮಿಸುವ ಹಾಗೆ ಎರಡು ಬಣ್ಣದ ಒಂದು ಬಿಲ್ಲೆ ಚಿಮ್ಮಿಸಿದರು. ಆ ಬಿಲ್ಲೆ ಯಾವ ಕಡೆಗೂ ಬೀಳದೆ ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು! ಮತ್ತೆ ಚಿಮ್ಮಿಸಿದಾಗ ಲಿವರ್‌ಪೂಲ್ ಪಾಲಾಯಿತು. ಮುನ್ನೂರು ನಿಮಿಷ ಆಡಿದವರಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಾರದು.

ಅದೇ ವರ್ಷ ಇನ್ನೊಂದು ಯುರೋಪಿಯನ್ ಕಪ್ಪಿನಲ್ಲಿ, ಒಟ್ಟು ಗೋಲು ಸಮವಾದರೆ ಎದುರಾಳಿಯ ಊರಿಗೆ ಹೋಗಿ ಹೆಚ್ಚು ಗೋಲು ಹೊಡೆದವರು ಮುಂದೆ ಎಂಬ ನಿಯಮ ತಂದರು. ರಾಜನಗರದ ಕೆ.ಎಸ್.ಸಿ.ಎ. ಮೈದಾನದಲ್ಲಿ ರಣಜಿ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ: ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸ್ ಮುನ್ನಡೆ ನೋಡುತ್ತಾರಲ್ಲ, ಅಂಥದ್ದೇ. ಯುರೋಪಿನಲ್ಲಿ 2021ರಿಂದ ಈ ನಿಯಮ ತೆಗೆದುಹಾಕಿದ್ದಾರೆ. ನನಗೆ ಇದು ಹೋದದ್ದರಿಂದ ಬೇಸರವೇ. ಯಾಕೆಂದರೆ ಇದರ ರುಚಿಯನ್ನು ನಾವು ಬೆಂಗಳೂರಿನಲ್ಲೇ ಉಂಡಿದ್ದೇವೆ.

ಅಲ್ಲಿಗೆ ನಿಮ್ಮ ಎರಡನೇ ಪ್ರಶ್ನೆಗೆ ಬಂದಂತಾಯಿತು. ನಾಕೌಟ್ ಫುಟ್‌ಬಾಲ್ ನಮಗೆ ಹೊಸತಲ್ಲ. ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ, 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ಎರಡು ಸಲ ರೋವರ್ಸ್ ಕಪ್ ಗೆದ್ದು ತಂದಿತ್ತು. ಆದರೆ ಎರಡು ಲೆಗ್ಗಿನ ಲೆಕ್ಕ, ಹೊರದೇಶದ ತಂಡ, ಎಲ್ಲ ಕೂಡಿ ಬಂದದ್ದು 2016ರಲ್ಲಿ, ಬೆಂಗಳೂರು ಎಫ್.ಸಿ. ಆಡಿದ ಎ.ಎಫ್.ಸಿ. ಕಪ್ಪಿನಲ್ಲಿ. ಅದು ಆಗ ಏಷ್ಯಾದ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿಯಾಗಿತ್ತು. ಹಾಂಕಾಂಗ್‌ನ ಕಿಚೀ, ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ತಂಡಗಳನ್ನು ದಾಟಿ ಬಂದ ಬೆಂಗಳೂರಿಗೆ ಸೆಮಿಫೈನಲ್‌ನಲ್ಲಿ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್ ದಾರುಲ್ ತಾಜಿಮ್. ಅಲ್ಲಿ ಹೋಗಿ 1–1 ಮಾಡಿಕೊಂಡು ಬಂದರು. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೇ ಲೆಗ್.

ಆ ಸಂಜೆ ನಾನು ಪತ್ರಿಕೆಯ ಅಂಚಿನಲ್ಲಿ ಪೆನ್ನಿನಿಂದ ಲೆಕ್ಕ ಗೀಚುತ್ತಾ ಟಿ.ವಿ. ಮುಂದೆ ಕುಳಿತಿದ್ದೆ. ಪಂದ್ಯ ಶುರುವಾಗುವಾಗ 0–0 ಆದರೂ ಬೆಂಗಳೂರಿಗೆ ಸಾಕಿತ್ತು. ಹೊರಗೆ ಹೊಡೆದ ಒಂದು ಗೋಲು ಗಂಟಿನಲ್ಲಿತ್ತಲ್ಲ. ಹನ್ನೊಂದನೇ ನಿಮಿಷಕ್ಕೆ ಜೋಹೊರ್‌ನ ಸಫಿಕ್ ರಹೀಮ್ ಹೊಡೆದು ಆ ಗಂಟು ಬಿಚ್ಚಿಹಾಕಿದ. ಒಟ್ಟು 1–2. ನಲವತ್ತೊಂದನೇ ನಿಮಿಷಕ್ಕೆ ನಮ್ಮ ಸುನಿಲ್ ಛೆಟ್ರಿ. 2–2, ಹೊರಗಿನ ಗೋಲೂ ಇಬ್ಬರಿಗೂ ಒಂದೊಂದು. ಅರವತ್ತೇಳಕ್ಕೆ ಮತ್ತೆ ಛೆಟ್ರಿ. ಮೈದಾನವೆಲ್ಲ ಎದ್ದು ನಿಂತಿತು. ಆದರೆ ನನ್ನ ಅಂಚಿನ ಲೆಕ್ಕ ಬೇರೆಯೇ ಹೇಳುತ್ತಿತ್ತು: ಈಗ ಜೋಹೊರ್ ಒಂದೇ ಒಂದು ಹೊಡೆದರೆ ಒಟ್ಟು 3–3, ಹೊರಗಿನ ಗೋಲು ಅವರಿಗೆ ಎರಡು, ನಮಗೆ ಒಂದು. ಅಂದರೆ ಮುಂದೆ ಇದ್ದವರೂ ನಾವೇ, ಒಂದು ಏಟಿಗೆ ಮನೆಗೆ ಹೋಗುವವರೂ ನಾವೇ. ಆ ಒಂಬತ್ತು ನಿಮಿಷ ಕಳೆಯುವುದಿತ್ತಲ್ಲ, ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟಿತು. ಎಪ್ಪತ್ತಾರನೇ ನಿಮಿಷಕ್ಕೆ ಡಿಫೆಂಡರ್ ಹ್ವಾನಾನ್ ಮೂರನೆಯದನ್ನು ಹೊಡೆದಾಗಲೇ ಉಸಿರು ಬಿಟ್ಟದ್ದು. ಅಲ್ಲಿಂದ ಜೋಹೊರ್‌ಗೆ ಎರಡು ಬೇಕಿತ್ತು, ಬರಲಿಲ್ಲ. ಆ ದಿನ 3–1, ಒಟ್ಟು 4–2. ಎ.ಎಫ್.ಸಿ. ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು ಬೆಂಗಳೂರು.

ನವೆಂಬರ್ 5ರ ಫೈನಲ್ ದೋಹಾದಲ್ಲಿ, ಒಂದೇ ಪಂದ್ಯ. ಎದುರು ಇರಾಕಿನ ಏರ್‌ಫೋರ್ಸ್ ಕ್ಲಬ್. ತಮ್ಮ ದೇಶದಲ್ಲಿ ಪಂದ್ಯ ನಡೆಸುವ ಹಾಗಿರಲಿಲ್ಲವಾಗಿ ದೋಹಾವೇ ಅವರಿಗೆ ಬಾಡಿಗೆ ಮನೆಯಂತಿತ್ತು. ನಮ್ಮ ಗೋಲ್‌ಕೀಪರ್ ಅಮ್ರಿಂದರ್ ಸಿಂಗ್ ಹಳದಿ ಕಾರ್ಡುಗಳ ಲೆಕ್ಕದಲ್ಲಿ ಹೊರಗೆ ಕೂರಬೇಕಾಗಿ ಬಂದಿತ್ತು. ಎಪ್ಪತ್ತನೇ ನಿಮಿಷಕ್ಕೆ ಹಮ್ಮಾದಿ ಅಹ್ಮದ್ ಹೊಡೆದ ಗೋಲು, 0–1. ಸರಿಪಡಿಸಿಕೊಳ್ಳಲು ಕಂಠೀರವದಲ್ಲಿ ಎರಡನೇ ಲೆಗ್ ಇರಲಿಲ್ಲ.

ಇನ್ನು ನಡುರಾತ್ರಿಯ ಮಾತು. ಪ್ಯಾರಿಸ್ಸಿನವರಿಗೆ ಅದು ನಡುರಾತ್ರಿಯಲ್ಲ. ಕೆಲಸ ಮುಗಿಸಿ, ಊಟ ಮಾಡಿ ಮೈದಾನಕ್ಕೆ ಹೋಗುವ ರಾತ್ರಿ ಒಂಬತ್ತು ಗಂಟೆ. ಅವರ ಬೇಸಿಗೆಯಲ್ಲಿ ಅದು ನಮ್ಮ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಮಾರ್ಚ್ ಕೊನೆಯ ರವಿವಾರ ಅವರು ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುವುದರಿಂದ ಈ ವ್ಯತ್ಯಾಸ. ಏಪ್ರಿಲ್ ಆದ್ದರಿಂದ ನಿಮಗೆ ಒಂದು ತಾಸಿನ ನಿದ್ದೆಯಾದರೂ ಉಳಿಯಿತು. 2026ರಿಂದ ಫೈನಲ್ ಒಂದನ್ನು ಅಲ್ಲಿಯ ಸಂಜೆ ಆರಕ್ಕೆ, ಅಂದರೆ ನಮ್ಮ ರಾತ್ರಿ ಒಂಬತ್ತೂವರೆಗೆ ತಂದಿದ್ದಾರೆ. ಅದೊಂದು ದಿನ ಊಟ ಬೇಗ ಮುಗಿಸಿ ಮೊಮ್ಮಗನ ಪಕ್ಕದಲ್ಲಿ ಕೂತುಕೊಳ್ಳಿ. ಫೈನಲ್ ಆದ್ದರಿಂದ ಕೂಡುವ ಲೆಕ್ಕವೂ ಇರುವುದಿಲ್ಲ.