ಕ್ರೆಡಿಟ್ ಕಾರ್ಡಿನಿಂದ ತೆರಿಗೆ ಪಾವತಿ: ಪಾಯಿಂಟಿನ ಲೆಕ್ಕ, ಬಡ್ಡಿಯ ಲೆಕ್ಕ

ಆದಾಯ ತೆರಿಗೆಯನ್ನಾಗಲಿ ಜಿಎಸ್‌ಟಿಯನ್ನಾಗಲಿ ಕ್ರೆಡಿಟ್ ಕಾರ್ಡಿನ ಮೂಲಕ ಪಾವತಿಸಿದರೆ ರಿವಾರ್ಡ್ ಪಾಯಿಂಟುಗಳು ದೊರೆಯುತ್ತವೆಯೇ, ದೊರೆತರೆ ಅದರಿಂದ ನಿಜವಾಗಿ ಲಾಭವಿದೆಯೇ ಎಂಬ ಪ್ರಶ್ನೆಯನ್ನು ನಮ್ಮ ವರ್ತಕ ಬಾಂಧವರು ಮೇಲಿಂದ ಮೇಲೆ ಕೇಳುತ್ತಿದ್ದಾರೆ. 'ಹೇಗೂ ಕಟ್ಟಲೇಬೇಕಾದ ಹಣ. ಕಟ್ಟುವಾಗ ನಾಲ್ಕು ಕಾಸು ಮರಳಿ ಬಂದರೆ ಬೇಡವೆನ್ನುವುದೇಕೆ?' ಎಂಬುದು ಅವರ ವಾದ. ವಾದದಲ್ಲಿ ತಪ್ಪಿಲ್ಲ. ಆದರೆ ಇಲ್ಲಿ ಕೂಡಿಸಬೇಕಾದ ಬಾಬು ಒಂದಾದರೆ ಕಳೆಯಬೇಕಾದ ಬಾಬುಗಳು ಮೂರು ನಾಲ್ಕಿವೆ. ಪಾಯಿಂಟುಗಳ ಬೆಲೆಗಿಂತ ಹೆಚ್ಚು ಬೆಲೆಯುಳ್ಳದ್ದು ಕಾರ್ಡು ಕೊಡುವ ಬಡ್ಡಿರಹಿತ ದಿನಗಳು. ಆ ದಿನಗಳು ಮುಗಿದ ಮರುದಿನದಿಂದ ಕಾರ್ಡಿನಷ್ಟು ದುಬಾರಿಯಾದ ಉದ್ರಿ ಪೇಟೆಯಲ್ಲಿ ಮತ್ತೊಂದಿಲ್ಲ. ಪ್ರಸ್ತುತ ಲೇಖನದಲ್ಲಿ ಇದನ್ನು ಅಂಕಿಗಳ ಮೂಲಕ ಪರಿಶೀಲಿಸಲಾಗಿದೆ.

ಮೊದಲು ಪಾವತಿಯ ದಾರಿ. ಆದಾಯ ತೆರಿಗೆ ಇಲಾಖೆಯ ಇ-ಪೇ ಟ್ಯಾಕ್ಸ್ ಸೌಲಭ್ಯದಲ್ಲಿ ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್, ಆರ್‌ಟಿಜಿಎಸ್ ಮತ್ತು ಬ್ಯಾಂಕಿನ ಕೌಂಟರ್ ಪಾವತಿಗಳೊಂದಿಗೆ ಪೇಮೆಂಟ್ ಗೇಟ್‌ವೇ ಎಂಬ ಆಯ್ಕೆಯೂ ಇದೆ. ಕ್ರೆಡಿಟ್ ಕಾರ್ಡು ಮತ್ತು ಯುಪಿಐ ಈ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಜಿಎಸ್‌ಟಿಯ ವಿಷಯದಲ್ಲಿ 2017ರ ಕೇಂದ್ರ ಕಾಯ್ದೆಯ 49ನೆಯ ಕಲಮು ಕ್ರೆಡಿಟ್ ಕಾರ್ಡನ್ನು ಆರಂಭದಿಂದಲೇ ಹೆಸರಿಸಿತ್ತಾದರೂ ಪೋರ್ಟಲಿನಲ್ಲಿ ಆ ಸೌಲಭ್ಯ ಕಾರ್ಯರೂಪಕ್ಕೆ ಬಂದದ್ದು 2024ರ ಆರಂಭದ ಹೊತ್ತಿಗೆ. ಅದೂ ಮೊದಲು ಹತ್ತು ರಾಜ್ಯಗಳಲ್ಲಿ ಮಾತ್ರ.

ಈ ಬಾಗಿಲಿಗೆ ಸುಂಕವುಂಟು. ಅಂಗಡಿಯಲ್ಲಿ ಗಿರಾಕಿ ಕಾರ್ಡು ಉಜ್ಜಿದಾಗ ಬ್ಯಾಂಕಿನ ಶುಲ್ಕವನ್ನು ಅಂಗಡಿಯವರು ತಮ್ಮ ಲಾಭದಿಂದ ಭರಿಸುತ್ತಾರೆ. ಗಿರಾಕಿಗೆ ಸಿಗುವ ಪಾಯಿಂಟುಗಳ ಮೂಲವೂ ಬಹುಮಟ್ಟಿಗೆ ಆ ಶುಲ್ಕವೇ. ಸರಕಾರ ಹಾಗೆ ಭರಿಸುವುದಿಲ್ಲ. ನೂರು ರೂಪಾಯಿ ತೆರಿಗೆ ಬಂದರೆ ಬೊಕ್ಕಸಕ್ಕೆ ನೂರೂ ಸೇರಬೇಕು. ಆದ್ದರಿಂದ ಶುಲ್ಕ ಕಟ್ಟುವವರ ತಲೆಯ ಮೇಲೆ ಬೀಳುತ್ತದೆ. ಅಮೆರಿಕದಲ್ಲಿಯೂ ಕಾರ್ಡಿನಿಂದ ತೆರಿಗೆ ಕಟ್ಟುವವರು ಮಧ್ಯವರ್ತಿ ಕಂಪನಿಗಳಿಗೆ ಶುಲ್ಕ ತೆರುತ್ತಾರೆ. ಬ್ರಿಟನ್ನಿನಲ್ಲಿ ಇಂಥ ಶುಲ್ಕ ವಸೂಲಿಯನ್ನು ಕಾನೂನು ನಿಷೇಧಿಸಿದಾಗ ಅಲ್ಲಿನ ತೆರಿಗೆ ಇಲಾಖೆಯು 2018ರ ಜನವರಿ 13ರಿಂದ ವೈಯಕ್ತಿಕ ಕ್ರೆಡಿಟ್ ಕಾರ್ಡುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಶುಲ್ಕದ ದರ ಗೇಟ್‌ವೇಯಿಂದ ಗೇಟ್‌ವೇಗೆ ಬದಲಾಗುತ್ತದೆ. ಕ್ರೆಡಿಟ್ ಕಾರ್ಡಿಗೆ ಶೇ. 1ರ ಆಸುಪಾಸು, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು ಇಟ್ಟುಕೊಳ್ಳಬಹುದು. ಹಣ ಕಟ್ಟುವ ಮುನ್ನ ಪರದೆಯ ಮೇಲೆ ಶುಲ್ಕದ ಮೊತ್ತ ಕಾಣಿಸುತ್ತದೆ. ಅದನ್ನು ಓದಿಯೇ ಮುಂದುವರಿಯತಕ್ಕದ್ದು.

ಇನ್ನು ಪಾಯಿಂಟುಗಳು. ಪ್ರತಿಯೊಂದು ಕಾರ್ಡ್ ವ್ಯವಹಾರಕ್ಕೂ ಹಣ ಪಡೆಯುವವನ ಕಸುಬನ್ನು ಸೂಚಿಸುವ ನಾಲ್ಕು ಅಂಕಿಗಳ ಸಂಕೇತವೊಂದಿರುತ್ತದೆ. ತೆರಿಗೆ ಪಾವತಿಗೆ 9311, ಇತರ ಸರಕಾರಿ ಸೇವೆಗಳಿಗೆ 9399. ಕಾರ್ಡು ಕೊಟ್ಟ ಬ್ಯಾಂಕು ಈ ಸಂಕೇತವನ್ನು ನೋಡಿಯೇ ಪಾಯಿಂಟು ಕೊಡಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಈಚಿನ ವರ್ಷಗಳಲ್ಲಿ ಅನೇಕ ಬ್ಯಾಂಕುಗಳು ಸರಕಾರಿ ಪಾವತಿಗಳನ್ನು ಪಾಯಿಂಟುಗಳ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಕೆಲವು ಬ್ಯಾಂಕುಗಳು ವ್ಯಾಪಾರಸ್ಥರಿಗೆಂದೇ ಕೊಡುವ ಬಿಸಿನೆಸ್ ಕಾರ್ಡುಗಳಲ್ಲಿ ಮಾತ್ರ ಮಿತಿ ಹಾಕಿ ಕೊಡುತ್ತವೆ. ಕಾರ್ಡು ಮಾರಲು ಬಂದ ಹುಡುಗನ ಮಾತನ್ನು ನಂಬಿ ಕೂರದೆ ನಿಯಮಾವಳಿಯ 'ಪಾಯಿಂಟು ಅನ್ವಯಿಸದ ವ್ಯವಹಾರಗಳು' ಎಂಬ ಭಾಗವನ್ನು ಓದಬೇಕು. ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮನ್ನಾ ಎಂಬ ಆಮಿಷವಿದ್ದಲ್ಲಿ ತೆರಿಗೆಯ ಹಣ ಆ ಲೆಕ್ಕಕ್ಕೆ ಸೇರುವುದೇ ಎಂಬುದನ್ನೂ ಅಲ್ಲಿಯೇ ನೋಡತಕ್ಕದ್ದು. ಪಾಯಿಂಟೆಂದರೆ ರೂಪಾಯಿಯಲ್ಲ ಎಂಬುದನ್ನೂ ಮರೆಯುವಂತಿಲ್ಲ. ನೂರು ರೂಪಾಯಿಗೆ ಒಂದು ಪಾಯಿಂಟು, ಪಾಯಿಂಟಿಗೆ 25 ಪೈಸೆ ಎಂದಾದರೆ ನಮಗೆ ದೊರೆತದ್ದು ಶೇ. 0.25 ಮಾತ್ರ.

ಗಂಜಿನ ಒಂದು ಲೆಕ್ಕ

ಕಲಬುರಗಿಯ ನೆಹರೂ ಗಂಜಿಗೆ ಹೊಸ ತೊಗರಿ ಬರತೊಡಗುವುದು ಡಿಸೆಂಬರ್ ತಿಂಗಳಲ್ಲಿ. ಮುಂಗಡ ತೆರಿಗೆಯ ಮೂರನೆಯ ಕಂತು, ಅಂದರೆ ವರ್ಷದ ತೆರಿಗೆಯ ಶೇ. 75 ತುಂಬಿರಬೇಕಾದ ದಿನ, ಡಿಸೆಂಬರ್ 15. ದಾಲ್ ಮಿಲ್ಲಿನವರಿಗೆ ಇಡೀ ವರ್ಷದಲ್ಲಿ ನಗದಿನ ಬಿಗುವು ಅತ್ಯಂತ ಹೆಚ್ಚಿರುವ ಹೊತ್ತು ಅದು. ಕೈಯಲ್ಲಿದ್ದ ಹಣವೆಲ್ಲ ಕಾಳಿನ ಚೀಲವಾಗಿ ಗೋದಾಮು ಸೇರಿರುತ್ತದೆ. ಬೇಳೆ ಮಾರಿ ಹಣ ಬರಲು ವಾರಗಳು ಬೇಕು. ಕಾರ್ಡಿನ ನೆನಪಾಗುವುದು ಆಗಲೇ.

ಒಬ್ಬ ಮಿಲ್ ಮಾಲೀಕರು ಡಿಸೆಂಬರ್ 15ರಂದು 2,00,000 ರೂ. ಮುಂಗಡ ತೆರಿಗೆಯನ್ನು ಕಾರ್ಡಿನಿಂದ ಕಟ್ಟಿದರೆಂದು ಭಾವಿಸೋಣ. ಶುಲ್ಕ 2,000 ರೂ., ಅದರ ಮೇಲಿನ ಜಿಎಸ್‌ಟಿ 360 ರೂ.; ಒಟ್ಟು 2,360 ರೂ. ಖರ್ಚು. ಬಂದ ಪಾಯಿಂಟುಗಳು 2,000. ಅವುಗಳ ಬೆಲೆ 500 ರೂ. ಪಾಯಿಂಟುಗಳಿಗಾಗಿ ಮಾತ್ರ ಈ ಕೆಲಸ ಮಾಡಿದ್ದರೆ 1,860 ರೂ. ನಷ್ಟ. ಆದರೆ ಇವರಿಗೆ ಬ್ಯಾಂಕಿನಲ್ಲಿ ಶೇ. 10.5 ಬಡ್ಡಿಯ ಓ.ಡಿ. ಖಾತೆಯಿದೆ ಎನ್ನೋಣ. ಎರಡು ಲಕ್ಷಕ್ಕೆ ದಿನವೊಂದರ ಬಡ್ಡಿ ಸುಮಾರು 57.50 ರೂ. ಕಾರ್ಡಿನ ಹಣ ತೀರಿಸುವ ದಿನ ಎಷ್ಟು ಮುಂದೆ ಹೋಗುವುದೋ ಅಷ್ಟು ದಿನಗಳ ಓ.ಡಿ. ಬಡ್ಡಿ ಉಳಿಯಿತು.

ಆ ದಿನಗಳೆಷ್ಟು ಎಂಬುದನ್ನು ನಿರ್ಧರಿಸುವುದು ಬಿಲ್ಲಿನ ತಾರೀಖು. ತಿಂಗಳ 18ಕ್ಕೆ ಬಿಲ್ಲು ಆಗಿ 20 ದಿನದೊಳಗೆ ಕಟ್ಟಬೇಕಾದ ಕಾರ್ಡಾದರೆ ಡಿಸೆಂಬರ್ 15ರ ಪಾವತಿಯು ಡಿಸೆಂಬರ್ 18ರ ಬಿಲ್ಲಿಗೇ ಸಿಕ್ಕಿ, ಜನವರಿ 7ಕ್ಕೆ ಹಣ ತೆರಬೇಕಾಗುತ್ತದೆ. ಸಿಕ್ಕಿದ್ದು 23 ದಿನ. ಉಳಿದ ಬಡ್ಡಿ 1,323 ರೂ.; ಪಾಯಿಂಟುಗಳನ್ನು ಕೂಡಿಸಿದರೂ 537 ರೂ. ನಷ್ಟವೇ. ಅದೇ ಕಾರ್ಡಿನ ಬಿಲ್ಲು ತಿಂಗಳ 12ಕ್ಕೆ ಆಗುವುದಾದರೆ ಪಾವತಿಯು ಜನವರಿ 12ರ ಬಿಲ್ಲಿಗೆ ಹೋಗಿ, ಫೆಬ್ರವರಿ 1ರವರೆಗೆ ಅವಕಾಶ ಸಿಗುತ್ತದೆ. 48 ದಿನಗಳ ಬಡ್ಡಿ 2,761 ರೂ. ಉಳಿದು, ಎಲ್ಲ ಕಳೆದು 901 ರೂ. ಲಾಭ. ಈ ಉದಾಹರಣೆಯಲ್ಲಿ ಲಾಭ ನಷ್ಟಗಳ ಗಡಿ 33ನೆಯ ದಿನದ ಹತ್ತಿರ ಬೀಳುತ್ತದೆ. ಪಾಯಿಂಟೇ ಇಲ್ಲದ ಕಾರ್ಡಾದರೆ ಗಡಿ 41 ದಿನಗಳಾಚೆಗೆ ಸರಿಯುತ್ತದೆ. ರಿಸರ್ವ್ ಬ್ಯಾಂಕು 2022ರ ತನ್ನ ಕಾರ್ಡ್ ನಿರ್ದೇಶನಗಳಲ್ಲಿ ಬಿಲ್ಲಿನ ಆವರ್ತವನ್ನು ಬದಲಿಸಿಕೊಳ್ಳುವ ಅವಕಾಶವನ್ನು ಗ್ರಾಹಕರಿಗೆ ಕೊಟ್ಟಿದೆ. ತೆರಿಗೆಯ ಕಂತುಗಳೆಲ್ಲ 15ನೆಯ ತಾರೀಖಿಗೆ ಬೀಳುವುದರಿಂದ 12 ಅಥವಾ 13ಕ್ಕೆ ಬಿಲ್ಲು ಬರುವಂತೆ ಮಾಡಿಕೊಳ್ಳುವುದು ಯುಕ್ತ. ಪಾಯಿಂಟುಗಳ ಬೆನ್ನು ಹತ್ತುವವರಲ್ಲಿ ಹೆಚ್ಚಿನವರು ಈ ತಾರೀಖಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಇನ್ನು ಕೆಟ್ಟ ಪ್ರಸಂಗ. ಬೇಳೆಯ ಹಣ ಫೆಬ್ರವರಿ 1ಕ್ಕೆ ಬರಲಿಲ್ಲ. ಮಾಲೀಕರು 'ಕನಿಷ್ಠ ಪಾವತಿ' ಎಂದು ಬಿಲ್ಲಿನಲ್ಲಿ ಕಂಡ ಶೇ. 5, ಅಂದರೆ 10,000 ರೂ. ಕಟ್ಟಿ, ಉಳಿದ 1,90,000 ರೂಪಾಯಿಯನ್ನು ಫೆಬ್ರವರಿ 28ಕ್ಕೆ ತೀರಿಸಿದರು. ತಿಂಗಳಿಗೆ ಶೇ. 3.5 ದರದ ಕಾರ್ಡಾದರೆ ವರ್ಷಕ್ಕೆ ಶೇ. 42. ಪೂರ್ತಿ ಬಿಲ್ಲು ಕಟ್ಟದಿದ್ದಲ್ಲಿ ಬಡ್ಡಿರಹಿತ ಸೌಲಭ್ಯ ರದ್ದಾಗಿ, ಬಡ್ಡಿಯು ಡಿಸೆಂಬರ್ 15ರಿಂದಲೇ ಓಡುತ್ತದೆ. 75 ದಿನಕ್ಕೆ 16,397 ರೂ. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲವೆಂಬುದು ಸಾಮಾನ್ಯ ನಿಯಮ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿಯಿಲ್ಲ. ಶೇ. 18ರಂತೆ ಇನ್ನೂ 2,951 ರೂ. ಸೇರಿ 19,348 ರೂ. ಆಯಿತು. ಗೇಟ್‌ವೇ ಶುಲ್ಕ ಇದರಿಂದ ಹೊರಗೆ. ಇದೇ ಎರಡು ಲಕ್ಷವನ್ನು ಅದೇ 75 ದಿನಗಳಿಗೆ ಓ.ಡಿ. ಖಾತೆಯಿಂದ ತೆಗೆದು ಕಟ್ಟಿದ್ದರೆ ಬಡ್ಡಿ 4,315 ರೂ. ಮಾತ್ರ ಆಗುತ್ತಿತ್ತು.

ಇನ್ನೊಂದು ಹೋಲಿಕೆಯನ್ನೂ ನೋಡಬೇಕು. ಡಿಸೆಂಬರ್ ಕಂತಿನಲ್ಲಿ ಎರಡು ಲಕ್ಷ ಕಡಿಮೆ ಬಿದ್ದರೆ, ನಾವೆಲ್ಲ 234ಸಿ ಎಂದು ಕರೆಯುತ್ತ ಬಂದಿರುವ ಬಡ್ಡಿ ತಿಂಗಳಿಗೆ ಶೇ. 1ರಂತೆ ಮೂರು ತಿಂಗಳಿಗೆ 6,000 ರೂ. ಕಂತು ತಪ್ಪಿಸಿರೆಂದು ಲೆಕ್ಕಪರಿಶೋಧಕನಾದ ನಾನು ಹೇಳಲಾರೆ. ಆದರೆ ಇಲಾಖೆಯ ಬಡ್ಡಿಗೆ ಹೆದರಿ ಕಾರ್ಡಿನ ಬಾಕಿಯಲ್ಲಿ ಬೀಳುವವರು ಆರು ಸಾವಿರದ ಭಯಕ್ಕೆ ಹತ್ತೊಂಬತ್ತು ಸಾವಿರ ತೆರುತ್ತಿದ್ದಾರೆ ಎಂಬುದು ಅವರಿಗೆ ತಿಳಿದಿರಲಿ.

ಕಮಲಾಪುರದ ಚಿಕ್ಕ ವರ್ತಕರ ಲೆಕ್ಕ ಇನ್ನೂ ಸರಳ. ಕೆಂಪು ಬಾಳೆ ಕೊಂಡು ಮಾರುವ, ಅಂದಾಜು ಲಾಭದ ಆಧಾರದ ಮೇಲೆ ತೆರಿಗೆ ಕಟ್ಟುವ ವರ್ತಕರಿಗೆ ನಾಲ್ಕು ಕಂತುಗಳಿಲ್ಲ. ಮಾರ್ಚ್ 15ಕ್ಕೆ ಒಂದೇ ಕಂತು. (ಕಮಿಷನ್ ಮೇಲೆ ಮಾರಾಟ ಮಾಡಿಸುವವರಿಗೆ ಅಂದಾಜು ಲಾಭದ ಈ ಸೌಲಭ್ಯ ಅನ್ವಯಿಸುವುದಿಲ್ಲ, ಈ ಭೇದವನ್ನು ಅನೇಕರು ಗಮನಿಸುವುದಿಲ್ಲ.) ತೆರಿಗೆ 30,000 ರೂ. ಎಂದುಕೊಂಡರೆ ಕಾರ್ಡಿನ ಶುಲ್ಕ 354 ರೂ., ಪಾಯಿಂಟುಗಳ ಬೆಲೆ 75 ರೂ. ಓ.ಡಿ. ಇಲ್ಲದ ಇವರ ಹಣ ಶೇ. 3ರ ಉಳಿತಾಯ ಖಾತೆಯಲ್ಲಿ 48 ದಿನ ಹೆಚ್ಚು ಕುಳಿತರೆ ಬರುವ ಬಡ್ಡಿ 118 ರೂ. ಎರಡೂ ಸೇರಿ 193 ರೂ.; ನಷ್ಟ 161 ರೂ. ಇಂಥವರು ಯುಪಿಐ ಮೂಲಕ ಕಟ್ಟುವುದೇ ಸರಿ. ಅದಕ್ಕೆ ಗೇಟ್‌ವೇ ಶುಲ್ಕವಿಲ್ಲ. ತೆರಿಗೆ ಪಾವತಿಗೆ ಯುಪಿಐ ಮಿತಿಯನ್ನು 2024ರ ಸೆಪ್ಟೆಂಬರಿನಲ್ಲಿ ಒಂದು ವ್ಯವಹಾರಕ್ಕೆ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಕಮಲಾಪುರದಿಂದ ಕಲಬುರಗಿಯ ಬ್ಯಾಂಕಿಗೆ ಚಲನ್ ಹಿಡಿದು ಬರುವ ಪ್ರಯಾಸವೂ ಇಲ್ಲ.

ಇತರರ ತೆರಿಗೆ, ನಮ್ಮ ಕಾರ್ಡು

ಪಾಯಿಂಟುಗಳ ಆಸೆಯಿಂದ ಹುಟ್ಟಿದ ಒಂದು ಪರಿಪಾಠವನ್ನು ಇಲ್ಲಿ ಖಂಡಿತವಾಗಿ ಪ್ರಸ್ತಾಪಿಸಬೇಕು. ಬೀಗರ, ಸ್ನೇಹಿತರ, ಪಕ್ಕದ ಅಂಗಡಿಯವರ ತೆರಿಗೆಯನ್ನು ತಮ್ಮ ಕಾರ್ಡಿನಿಂದ ಕಟ್ಟಿ, ಅವರಿಂದ ನಗದು ಪಡೆಯುವುದು. ಚಲನ್ ಅವರ ಪ್ಯಾನ್‌ಗೆ ಜಮಾ ಆಗುತ್ತದೆ, ಅದರಲ್ಲಿ ಅಡ್ಡಿಯಿಲ್ಲ. ಅಡ್ಡಿ ನಮ್ಮ ಕಡೆ. 1962ರ ಆದಾಯ ತೆರಿಗೆ ನಿಯಮಗಳ 114ಇ ನಿಯಮವು, ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ ನಗದಾಗಿ 1 ಲಕ್ಷ ಅಥವಾ ಬೇರೆ ರೀತಿಯಲ್ಲಿ 10 ಲಕ್ಷ ರೂಪಾಯಿ ಮುಟ್ಟುವಷ್ಟು ಕಟ್ಟಿದರೆ ಬ್ಯಾಂಕು ಇಲಾಖೆಗೆ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಆರು ಲಕ್ಷ ಆದಾಯ ತೋರಿಸಿದವರ ಕಾರ್ಡಿನಲ್ಲಿ ಹದಿನೈದು ಲಕ್ಷ ಓಡಾಡಿದ್ದರೆ ಪ್ರಶ್ನೆ ಬಾರದೆ ಇರುವುದೇ? ಆಗ 'ಅದು ಬೀಗರ ತೆರಿಗೆ' ಎಂಬ ಬಾಯಿಮಾತಿನ ಉತ್ತರ ಸಾಲದು. ಒಬ್ಬರಿಂದಲೇ 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆದಿದ್ದರೆ ಅಷ್ಟೇ ಮೊತ್ತದ ದಂಡಕ್ಕೂ ಗುರಿಯಾಗಬೇಕಾದೀತು. ಐದುನೂರು ರೂಪಾಯಿಯ ಪಾಯಿಂಟಿಗೆ ಇಷ್ಟು ದೊಡ್ಡ ಗೋಜಲನ್ನು ಮೈಮೇಲೆ ಎಳೆದುಕೊಳ್ಳುವುದು ವ್ಯಾಪಾರಿ ಬುದ್ಧಿಯಲ್ಲ.

ಬೇಕೆಂದೇ ಹೆಚ್ಚು ತೆರಿಗೆ ಕಟ್ಟಿ ಪಾಯಿಂಟು ಗಳಿಸಿ, ಅನಂತರ ರೀಫಂಡ್ ಪಡೆಯುವ ಯುಕ್ತಿಯೂ ಕೆಲವರಿಗೆ ಹೊಳೆದಿದೆ. ಗೇಟ್‌ವೇ ಶುಲ್ಕ ಮರಳಿ ಬರುವುದಿಲ್ಲ, ಹಣ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ತಪ್ಪಾಗಿ ಕಟ್ಟಿದ ತೆರಿಗೆಯನ್ನು ಅಂಗಡಿಯ ಖರೀದಿಯಂತೆ ಕಾರ್ಡ್ ಬ್ಯಾಂಕಿಗೆ ದೂರಿ ವಾಪಸು ಪಡೆಯಲಾಗದು; ಇಲಾಖೆಯಿಂದಲೇ ಕೇಳಬೇಕು.

ಜಿಎಸ್‌ಟಿಯ ಬಗ್ಗೆ ಒಂದೆರಡು ಮಾತು. 2022ರ ಜುಲೈ 18ರಿಂದ 25 ಕಿಲೋ ತನಕದ ಮುದ್ರಿತ ಪೊಟ್ಟಣಗಳ ಬೇಳೆಗೆ ಶೇ. 5 ತೆರಿಗೆ ಬಂದಮೇಲೆ ನಮ್ಮ ಅನೇಕ ಮಿಲ್ಲುಗಳೂ ಈ ವ್ಯವಸ್ಥೆಯೊಳಗೆ ಬಂದಿವೆ. ಇಲ್ಲಿ ಕಾರ್ಡು ಉಜ್ಜಿದ ಗಳಿಗೆ ಮುಖ್ಯವಲ್ಲ; ಹಣ ಸರಕಾರದ ಖಾತೆಗೆ ಜಮಾ ಆದ ದಿನವೇ ಪಾವತಿಯ ದಿನ. ಗೇಟ್‌ವೇ ನಡುವೆ ಕೈಕೊಟ್ಟರೆ, ಕಾರ್ಡಿನ ಮಿತಿ ಸಾಲದೆ ಹೋದರೆ, ವಿಳಂಬಕ್ಕೆ ವಾರ್ಷಿಕ ಶೇ. 18 ಬಡ್ಡಿ ಬೀಳುತ್ತದೆ. 20ರ ಸಂಜೆಗೆ ಕಾರ್ಡು ಹಿಡಿದು ಕೂರದೆ ಎರಡು ದಿನ ಮೊದಲೇ ಕಟ್ಟತಕ್ಕದ್ದು.

ಮಹಾನಗರ ಪಾಲಿಕೆಯ ಆಸ್ತಿ ತೆರಿಗೆಯಲ್ಲಿ ಮಾತ್ರ ಲೆಕ್ಕ ಬೇರೆಯಾಗಬಹುದು. ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿಯಿದೆ, ತಡಮಾಡಿದವರಿಗೆ ತಿಂಗಳಿಗೆ ಶೇ. 2 ದಂಡವಿದೆ. ಗೋದಾಮಿನ ತೆರಿಗೆ 40,000 ರೂ. ಇದ್ದರೆ ರಿಯಾಯಿತಿಯೇ 2,000 ರೂ. ಕೈಯಲ್ಲಿ ಹಣವಿಲ್ಲದೆ ಏಪ್ರಿಲ್ ತಪ್ಪುವಂತಿದ್ದು, ಮೇ ತಿಂಗಳಲ್ಲಿ ಹಣ ಬರುವುದು ಖಚಿತವಿದ್ದರೆ, ಶುಲ್ಕ ತೆತ್ತು ಕಾರ್ಡಿನಿಂದ ಕಟ್ಟಿದರೂ ಲಾಭವೇ. ಪಾಯಿಂಟು ಬಂದರೂ ಸರಿ, ಬಾರದಿದ್ದರೂ ಸರಿ.

ಪುಸ್ತಕದಲ್ಲಿ ಬರೆಯುವ ಬಗೆ ಹೀಗೆ. ಕಾರ್ಡಿನಿಂದ ಕಟ್ಟಿದ ದಿನವೇ ತೆರಿಗೆ ಸಂದಿತು. ಮಾರ್ಚ್ 31ಕ್ಕೆ ಕಾರ್ಡಿನ ಬಿಲ್ಲು ಬಾಕಿಯಿದ್ದರೆ ಅದು ಬ್ಯಾಂಕಿಗೆ ಕೊಡಬೇಕಾದ ಸಾಲವೇ ಹೊರತು ಸರಕಾರಕ್ಕೆ ಕೊಡಬೇಕಾದ ತೆರಿಗೆಯಲ್ಲ. ಪ್ರೊಪ್ರೈಟರನ ಆದಾಯ ತೆರಿಗೆಯನ್ನು ಬಂಡವಾಳ ಖಾತೆಗೆ ಖರ್ಚು ಬರೆಯಬೇಕು. ಅದರ ಗೇಟ್‌ವೇ ಶುಲ್ಕವನ್ನೂ ಅಲ್ಲಿಗೇ ಬರೆಯುವುದು ಕ್ಷೇಮ. ಜಿಎಸ್‌ಟಿ ಪಾವತಿಯ ಶುಲ್ಕ ವ್ಯಾಪಾರದ ಖರ್ಚೇ ಸರಿ. ಆದರೆ ಆ ಶುಲ್ಕದ ಮೇಲಿನ ಶೇ. 18ನ್ನು ಇನ್‌ಪುಟ್ ಕ್ರೆಡಿಟ್ ಪಡೆಯಲು ನಿಮ್ಮ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಕೈಯಲ್ಲಿರಬೇಕು. ಪಾಲುದಾರಿಕೆಯಲ್ಲಿ ಒಬ್ಬ ಪಾಲುದಾರನ ಸ್ವಂತ ಕಾರ್ಡಿನಿಂದ ಸಂಸ್ಥೆಯ ತೆರಿಗೆ ಕಟ್ಟಿದಾಗ ಆ ಮೊತ್ತವನ್ನು ಅವನ ಚಾಲ್ತಿ ಖಾತೆಗೆ ಜಮಾ ಮಾಡಿ, ಬಿಲ್ಲಿನ ದಿನಕ್ಕೆ ಸಂಸ್ಥೆಯ ಬ್ಯಾಂಕ್ ಖಾತೆಯಿಂದ ನೇರವಾಗಿ ಕೊಡತಕ್ಕದ್ದು. ಪಾಯಿಂಟು ಯಾರಿಗೆ ಸೇರಬೇಕು, ಬಿಲ್ಲು ತಪ್ಪಿದರೆ ಬಡ್ಡಿ ಯಾರು ಹೊರಬೇಕು ಎಂಬುದನ್ನು ಅಣ್ಣ ತಮ್ಮಂದಿರ ಪಾಲುದಾರಿಕೆಯಾದರೂ ಕಾರ್ಡು ಉಜ್ಜುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.