ಮೊದಲು ಚೆಂಡು, ಆಮೇಲೆ ಡ್ರ್ಯಾಗನ್

ಅನಿಮೇಷನ್ ಕಲಿಯಲು ಹೊರಟ ಅನೇಕರು ಮೊದಲ ವಾರವೇ ಬೆಂಕಿಯುಗುಳುವ ಡ್ರ್ಯಾಗನ್ ಮಾಡಲು ಕೂರುತ್ತಾರೆ, ತಿಂಗಳೊಳಗೆ ಕೈಚೆಲ್ಲುತ್ತಾರೆ. ಶುರು ಮಾಡಬೇಕಾದದ್ದು ಚೆಂಡಿನಿಂದ.

ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಿಲ್ಲ. ಬ್ಲೆಂಡರ್ ಉಚಿತ. 2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ಅದರಲ್ಲೇ ತಯಾರಾದ ಚಿತ್ರ. ಆ ಚಿತ್ರದಲ್ಲಿ ಮಾತೇ ಇಲ್ಲ. ಅದರ ಕಥಾನಾಯಕ ಬೆಕ್ಕಿನ ಭಯವನ್ನು ಕಿವಿ, ಬೆನ್ನು, ಹೆಜ್ಜೆಗಳೇ ಹೇಳುತ್ತವೆ.

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. 120 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಸುಮಾರು ಅರ್ಧ ಸೆಕೆಂಡ್, ಅಂದರೆ 12 ಫ್ರೇಮ್ ಬೇಕು. ಬೀಳುತ್ತ ವೇಗ ಏರುವುದರಿಂದ ಮೊದಲ ಫ್ರೇಮ್‌ಗಳಲ್ಲಿ ಚೆಂಡಿನ ಸ್ಥಾನಗಳು ಒತ್ತೊತ್ತಾಗಿ, ನೆಲದ ಬಳಿ ದೂರ ದೂರವಾಗಿ ಇರಬೇಕು. ಅಂತರವನ್ನು 1, 3, 5, 7ರ ಪ್ರಮಾಣದಲ್ಲಿ ಹೆಚ್ಚಿಸಿ ನೋಡಿ. ಎಲ್ಲ ಅಂತರವೂ ಸಮನಾದರೆ ಅದು ಬೀಳುವ ಚೆಂಡಲ್ಲ, ದಾರಕ್ಕೆ ಕಟ್ಟಿ ಇಳಿಸಿದ ಚೆಂಡು. ಅದೇ ಗೋಳ ಒಮ್ಮೆ ರಬ್ಬರಿನದು, ಒಮ್ಮೆ ಕಬ್ಬಿಣದ ಗುಂಡು ಎಂದು ನೋಡುವವರಿಗೆ ಅನಿಸುವವರೆಗೆ ಮುಂದೆ ಹೋಗಬಾರದು.

ನಂತರ ನಡಿಗೆ. ಸಾಧಾರಣ ನಡಿಗೆಯಲ್ಲಿ ಒಂದು ಹೆಜ್ಜೆಗೆ 12 ಫ್ರೇಮ್ ಇಟ್ಟುಕೊಳ್ಳುವುದು ರೂಢಿ. ಉಚಿತವಾಗಿ ಸಿಗುವ, ಮೂಳೆಗಳನ್ನು ಜೋಡಿಸಿಟ್ಟ ಸರಳ ರಿಗ್ ಸಾಕು. ತುಂಬಿದ ಬಿಂದಿಗೆಯನ್ನು ಸೊಂಟಕ್ಕಿಟ್ಟು ನಡೆಯುವವರನ್ನು ಗಮನಿಸಿ: ಸೊಂಟ ಒಂದು ಕಡೆ, ಹೆಗಲು ಇನ್ನೊಂದು ಕಡೆ ವಾಲಿರುತ್ತದೆ. ತಾವೇ ಹಾಗೆ ನಡೆದು ಮೊಬೈಲಿನಲ್ಲಿ ಚಿತ್ರಿಸಿಕೊಂಡರೆ ಇನ್ನೂ ಒಳ್ಳೆಯದು.

ತುಟಿ ಹೊಂದಿಸುವಾಗ ಕನ್ನಡದ ಕಿವಿ ಬೇಕು. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ‘ಆಮೆ’ಗಿಂತ ‘ಅಮ್ಮ’ ಎನ್ನುವಾಗ ಅದು ಹೆಚ್ಚು ಹೊತ್ತು ಮುಚ್ಚಿರುತ್ತದೆ. ಆ ಒತ್ತಕ್ಷರಕ್ಕೆ ಒಂದೆರಡು ಫ್ರೇಮ್ ಹೆಚ್ಚು ಕೊಟ್ಟರೆ ಪಾತ್ರ ನಿಜಕ್ಕೂ ಕನ್ನಡ ಮಾತಾಡುತ್ತದೆ.

ಮುಂದಿನ ಹಂತ, ಬೇರೆ ಬೇರೆ ದೃಶ್ಯಗಳನ್ನು ಒಂದೇ ಚಿತ್ರವಾಗಿ ಜೋಡಿಸುವ ಕಂಪೋಸಿಟಿಂಗ್. ಅದರ ಅಭ್ಯಾಸಕ್ಕೆ ಗ್ರೀನ್ ಸ್ಕ್ರೀನ್ ದೃಶ್ಯಗಳು ಬೇಕು. ಬ್ಲೆಂಡರ್ ಸಂಸ್ಥೆ 2012ರಲ್ಲಿ ತಯಾರಿಸಿದ ‘ಟಿಯರ್ಸ್ ಆಫ್ ಸ್ಟೀಲ್’ ಚಿತ್ರದ ಮೂಲ ದೃಶ್ಯಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಹಸಿರನ್ನು ತೆಗೆಯುವ ಕೀಯಿಂಗ್ ಅನ್ನು ಒಂದೇ ಏಟಿಗೆ ಮುಗಿಸಲು ಹೋದರೆ ಕೂದಲು ಕತ್ತರಿಸಿದಂತೆ ಕಾಣುತ್ತದೆ. ಮೈಯೊಳಗಿನ ಭಾಗಕ್ಕೆ ಗಟ್ಟಿಯಾದ ಮ್ಯಾಟ್ (ಉಳಿಯಬೇಕಾದ ಭಾಗವನ್ನು ಗುರುತಿಸುವ ಕಪ್ಪು-ಬಿಳುಪು ಚಿತ್ರ), ಕೂದಲಂಚಿಗೆ ಮೃದುವಾದದ್ದು ಬೇರೆಯಾಗಿ ತೆಗೆದು ಜೋಡಿಸಬೇಕು. ಕೆನ್ನೆ, ಅಂಗಿಯ ಮೇಲೆ ಚೆಲ್ಲಿದ ಹಸಿರು ಉಳಿದೇ ಇರುತ್ತದೆ. ಹಸಿರಿನ ಮೌಲ್ಯ ಕೆಂಪು–ನೀಲಿಗಳ ಸರಾಸರಿಯನ್ನು ಮೀರದಂತೆ ತಡೆಯುವುದು ಸರಳ ಉಪಾಯ.

ಹಿನ್ನೆಲೆ ಕೂರಿಸಿದ ಮೇಲೆ ಮೊದಲು ನೋಡಬೇಕಾದದ್ದು ಕಪ್ಪು. ಹಿನ್ನೆಲೆಯ ನೆರಳು ಮಸುಕಾಗಿದ್ದು ಪಾತ್ರದ ಕಪ್ಪು ಕಡುವಾಗಿದ್ದರೆ ಅಂಟಿಸಿದ್ದು ಎಂದು ಕಣ್ಣು ತಕ್ಷಣ ಹಿಡಿಯುತ್ತದೆ. ಬಣ್ಣ, ಕಾಲಡಿಯ ನೆರಳು ಆಮೇಲೆ, ಚಿತ್ರದ ಸಣ್ಣ ಕಣಗಳು ಅಂದರೆ ಗ್ರೇನ್ ಕೊನೆಗೆ.

ಹಳೆಯ ಫೈಲ್‌ಗಳನ್ನು ಅಳಿಸಬೇಡಿ. ಮೂರು ತಿಂಗಳಾದ ಮೇಲೆ ಅದೇ ಚೆಂಡನ್ನು ಮತ್ತೆ ಪುಟಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೆಲಸದ ಮಾದರಿಗಳನ್ನು ಜೋಡಿಸಿದ ಶೋರೀಲ್ ಒಂದು ನಿಮಿಷ ಸಾಕು. ಉತ್ತಮ ಶಾಟ್ ಮೊದಲಿರಲಿ. ಪ್ರತಿ ಶಾಟ್‌ನ ಕೆಳಗೆ ರಿಗ್ ಯಾರದು, ದೃಶ್ಯ ಎಲ್ಲಿಯದು, ತಾವು ಮಾಡಿದ್ದು ಯಾವ ಭಾಗ ಎಂಬುದನ್ನು ಬರೆಯಿರಿ.